ಹಫ್ಲಾದ ಅಂಗಳದಿಂದ ಉತ್ಸವದ ವೇದಿಕೆಗೆ: ಬೆಲ್ಲಿ ಡ್ಯಾನ್ಸ್ ನಡೆದುಬಂದ ದಾರಿ

ಈಜಿಪ್ಟಿನ ಮನೆಗಳಲ್ಲಿ ಮದುವೆ, ನಿಶ್ಚಿತಾರ್ಥ, ಮಗು ಹುಟ್ಟಿದ ಏಳನೆಯ ದಿನದ ಶಾಸ್ತ್ರ ಮುಂತಾದ ಸಂದರ್ಭಗಳಲ್ಲಿ ಹೆಂಗಸರು ಒಂದೆಡೆ ಸೇರಿ ಕುಣಿಯುವುದು ಹಳೆಯ ರೂಢಿ. ಒಬ್ಬಳು ದರ್ಬುಕ ಎಂಬ ಚರ್ಮವಾದ್ಯ ಬಾರಿಸುತ್ತಾಳೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಸೊಂಟಕ್ಕೆ ಶಾಲು ಬಿಗಿದವಳೊಬ್ಬಳು ನಡುವೆ ಬಂದು ಸ್ವಲ್ಪ ಹೊತ್ತು ಕುಣಿದು, ಇನ್ನೊಬ್ಬಳನ್ನು ಕೈಹಿಡಿದು ಎಳೆದು ತಾನು ಹಿಂದೆ ಸರಿಯುತ್ತಾಳೆ. ಅಜ್ಜಿಯೂ ಕುಣಿಯುತ್ತಾಳೆ, ಆರು ವರ್ಷದ ಮೊಮ್ಮಗಳೂ ಕುಣಿಯುತ್ತಾಳೆ. ಹೊರಜಗತ್ತು ಬೆಲ್ಲಿ ಡ್ಯಾನ್ಸ್ ಎಂದು ಕರೆಯುವ ನೃತ್ಯದ ತಾಯಿಬೇರು ಇಂಥ ಕೂಟಗಳಲ್ಲಿದೆ. ಮನೆಯಂಗಳದ ಕುಣಿತಕ್ಕೆ ಈಜಿಪ್ಟಿನವರು ರಕ್ಸ್ ಬಲದಿ ಎನ್ನುತ್ತಾರೆ, ವೇದಿಕೆಗಾಗಿ ತಿದ್ದಿ ತೀಡಿದ ರೂಪಕ್ಕೆ ರಕ್ಸ್ ಶರ್ಕಿ ಎನ್ನುತ್ತಾರೆ. ಹಾಡು, ಕುಣಿತ, ಊಟ ಎಲ್ಲ ಕೂಡಿದ ಸಂತೋಷಕೂಟ ಅರಬ್ಬರ ಬಾಯಲ್ಲಿ ಹಫ್ಲಾ. ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಯುರೋಪಿನ ಊರುಗಳಲ್ಲಿ ನಡೆಯುವ ಬೆಲ್ಲಿ ಡ್ಯಾನ್ಸ್ ಉತ್ಸವಗಳೂ ತಮ್ಮ ಸಂಜೆಯ ಕೂಟವನ್ನು ಹಫ್ಲಾ ಎಂದೇ ಕರೆಯುತ್ತವೆ. ಈ ನೃತ್ಯದ ಚರಿತ್ರೆಯನ್ನು ಹೆಸರಾಂತ ನರ್ತಕಿಯರ, ನೈಟ್‌ಕ್ಲಬ್‌ಗಳ ಚರಿತ್ರೆಯಾಗಿ ಹೇಳುವುದೇ ಹೆಚ್ಚು. ಆದರೆ ಕೂಟದ ಕುಣಿತ ವೇದಿಕೆಗಿಂತ ಹಿರಿದು, ಮತ್ತು ವೇದಿಕೆಗೆ ಕಷ್ಟ ಬಂದಾಗಲೆಲ್ಲ ನೃತ್ಯವನ್ನು ಕಾಪಾಡಿದ್ದೂ ಅದೇ.

ಈ ನೃತ್ಯದಲ್ಲಿ ದೇಹದ ಒಂದೊಂದು ಭಾಗ ಬೇರೆಬೇರೆಯಾಗಿ ಚಲಿಸುತ್ತದೆ. ಎದೆ ನಿಶ್ಚಲವಾಗಿರುವಾಗ ಸೊಂಟ ಎಂಟರ ಆಕಾರದಲ್ಲಿ ಸುತ್ತುತ್ತದೆ, ಸೊಂಟ ನಿಂತಾಗ ಎದೆ ಅಲೆಯಂತೆ ಏರಿ ಇಳಿಯುತ್ತದೆ. ಮೊಣಕಾಲುಗಳನ್ನು ಸಡಿಲ ಬಿಟ್ಟು ನಡುವನ್ನು ಸಣ್ಣಗೆ, ಬಿಡುವಿಲ್ಲದೆ ನಡುಗಿಸುವುದಕ್ಕೆ ಶಿಮ್ಮಿ ಎಂಬ ಹೆಸರು ಬಿದ್ದಿದೆ. ಹೆಜ್ಜೆಗಳು ಕಡಿಮೆ, ಜಿಗಿತ ವಿರಳ. ಬಹುಪಾಲು ಕೆಲಸ ನಿಂತ ನೆಲದಲ್ಲೇ ಆಗುತ್ತದೆ. ದರ್ಬುಕದ ದಪ್ಪ ಪೆಟ್ಟಿಗೆ ದುಮ್, ಅಂಚಿನ ತೀಕ್ಷ್ಣ ಪೆಟ್ಟಿಗೆ ತೆಕ್. ಈ ಎರಡು ಪೆಟ್ಟುಗಳ ಜೋಡಣೆಯಿಂದಲೇ ಮಕ್ಸೂಮ್, ಸಯೀದಿ, ಮಸ್ಮೂದಿ, ಮಲ್ಫೂಫ್ ಎಂಬ ತಾಳಗಳು ಹುಟ್ಟುತ್ತವೆ. ತಂತಿವಾದ್ಯಗಳಾದ ಊದ್, ಕಾನೂನ್ ಇಲ್ಲವೆ ನಾಯ್ ಕೊಳಲು ಒಂಟಿಯಾಗಿ ನಿಧಾನಕ್ಕೆ ನುಡಿಯುವ ತಕ್ಸೀಮ್ ಬಂದಾಗ ಕುಣಿಯುವವಳು ತಾಳವನ್ನು ಬಿಟ್ಟು ರಾಗದ ಬೆನ್ನು ಹತ್ತುತ್ತಾಳೆ. ಮೊದಲೇ ಕಟ್ಟಿಟ್ಟ ನೃತ್ಯಕ್ಕಿಂತ ಆ ಕ್ಷಣಕ್ಕೆ ಹೊಳೆದದ್ದಕ್ಕೆ ಇಲ್ಲಿ ಹೆಚ್ಚಿನ ಮರ್ಯಾದೆ. ಹಾಡುಗಾರ, ವಾದಕ, ನರ್ತಕಿ, ಕೇಳುಗ ಎಲ್ಲರೂ ಒಂದೇ ಭಾವದಲ್ಲಿ ಮುಳುಗುವ ಸ್ಥಿತಿಗೆ ತರಬ್ ಎಂಬ ಹೆಸರಿದೆ. ಅದನ್ನು ಮುಟ್ಟದ ಕುಣಿತವನ್ನು ಈಜಿಪ್ಟಿನ ರಸಿಕರು ಕಸರತ್ತು ಎಂದು ತಳ್ಳಿಹಾಕುತ್ತಾರೆ.

ವೃತ್ತಿಯಾಗಿ ಕುಣಿಯುವವರಲ್ಲಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಈಜಿಪ್ಟಿನಲ್ಲಿ ಎರಡು ವರ್ಗಗಳಿದ್ದವು. ಅವಾಲಿಮ್‌ಗಳು ಹಾಡು, ಕಾವ್ಯ ಬಲ್ಲ ವಿದ್ಯಾವಂತೆಯರು. ಸಿರಿವಂತರ ಮನೆಗಳ ಅಂತಃಪುರದಲ್ಲಿ ಹೆಂಗಸರ ಎದುರು ಹಾಡುತ್ತಿದ್ದರು, ಗಂಡಸರು ಆ ಹಾಡನ್ನು ಪರದೆಯಾಚೆಯಿಂದ ಕೇಳಬೇಕಿತ್ತು. ಘವಾಜಿಗಳು ಬೀದಿಯಲ್ಲಿ, ಜಾತ್ರೆಯಲ್ಲಿ, ಮನೆಯ ಮುಂದಿನ ಅಂಗಳದಲ್ಲಿ ಮುಸುಕಿಲ್ಲದೆ ಕುಣಿಯುತ್ತಿದ್ದರು. ಕೈರೋದಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ 1836ರಲ್ಲಿ ಪ್ರಕಟಿಸಿದ ಈಜಿಪ್ಟಿಯನ್ನರ ಜೀವನಕ್ರಮದ ಪುಸ್ತಕದಲ್ಲಿ ಈ ಎರಡು ವರ್ಗಗಳನ್ನೂ ವಿವರವಾಗಿ ಬಣ್ಣಿಸಿದ್ದಾನೆ. ಭಾರತೀಯ ಓದುಗರಿಗೆ ಇಲ್ಲಿ ಒಂದು ನಂಟು ಕಾಣುತ್ತದೆ. ಲುಕ್ಸರ್‌ನ ಹೆಸರಾಂತ ಘವಾಜಿ ಕುಟುಂಬವಾದ ಬನಾತ್ ಮಾಜಿನ್‌ನವರು ತಮ್ಮನ್ನು ನವರ್ ಎಂಬ ಅಲೆಮಾರಿ ಸಮುದಾಯಕ್ಕೆ ಸೇರಿದವರೆಂದು ಹೇಳಿಕೊಂಡವರು. ಮಧ್ಯಪ್ರಾಚ್ಯದಲ್ಲಿ ನವರ್, ದೋಮ್ ಎಂದೆಲ್ಲ ಕರೆಸಿಕೊಳ್ಳುವ ಈ ಅಲೆಮಾರಿಗಳ ದೋಮಾರಿ ಭಾಷೆ ಹಿಂದಿ, ಮರಾಠಿಗಳಂತೆ ಇಂಡೋ-ಆರ್ಯನ್ ಕುಟುಂಬದ್ದು. ಇದರಿಂದ ನೃತ್ಯವೇ ಭಾರತದಿಂದ ಹೋಯಿತೆಂದು ಸಾಧಿಸಲಾಗದು. ಹಾಗೆ ಬರೆದವರಿದ್ದಾರೆ, ಆದರೆ ಭಾಷೆಯ ಸಾಕ್ಷ್ಯ ಜನರ ವಲಸೆಯನ್ನು ಹೇಳುತ್ತದೆಯೇ ಹೊರತು ಅವರ ಕುಣಿತದ ಮೂಲವನ್ನಲ್ಲ.

1834ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಪಾಶಾ ಕೈರೋದಲ್ಲಿ ಹೆಂಗಸರು ಬಹಿರಂಗವಾಗಿ ಕುಣಿಯುವುದನ್ನು ನಿಷೇಧಿಸಿದ. ಅಲ್ಲಿಯವರೆಗೆ ಅದೇ ನರ್ತಕಿಯರಿಂದ ಸರ್ಕಾರ ತೆರಿಗೆ ವಸೂಲಿ ಮಾಡುತ್ತಿತ್ತು. ನಿಷೇಧ ಬಂದ ಮೇಲೆ ಘವಾಜಿಗಳನ್ನು ದಕ್ಷಿಣದ ಎಸ್ನಾ, ಕೆನಾ, ಅಸ್ವಾನ್ ಊರುಗಳಿಗೆ ಅಟ್ಟಲಾಯಿತು. ಕೈರೋದ ಬೀದಿಗಳಲ್ಲಿ ಖವಲ್ ಎಂಬ ಗಂಡು ನರ್ತಕರು ಹೆಣ್ಣಿನ ಅಲಂಕಾರದಲ್ಲಿ ಆ ಜಾಗ ತುಂಬಿದರು. ನೈಲ್ ನದಿಯ ಮೇಲೆ ದೋಣಿಯಲ್ಲಿ ಬಂದ ಯುರೋಪಿನ ಪ್ರವಾಸಿಗರು ನರ್ತಕಿಯರನ್ನು ಹುಡುಕಿಕೊಂಡು ಎಸ್ನಾಕ್ಕೆ ಹೋಗತೊಡಗಿದರು. ಫ್ರೆಂಚ್ ಕಾದಂಬರಿಕಾರ ಗುಸ್ತಾವ್ ಫ್ಲೋಬೇರ್ 1850ರಲ್ಲಿ ಕುಚುಕ್ ಹಾನಿಮ್ ಎಂಬ ನರ್ತಕಿಯನ್ನು ಕಂಡದ್ದು ಅಲ್ಲೇ. ಗಡೀಪಾರಾದ, ಅಸಹಾಯಕಳಾದ ಹೆಣ್ಣೊಬ್ಬಳ ಬಗ್ಗೆ ಅವನು ಬರೆದದ್ದು ಇಡೀ ಪೂರ್ವದೇಶದ ಹೆಣ್ಣಿನ ಚಿತ್ರವೆಂಬಂತೆ ಯುರೋಪಿನಲ್ಲಿ ಚಲಾವಣೆಗೆ ಬಂತು. ಈ ನೃತ್ಯಕ್ಕೆ ಅಂಟಿದ ಅಪವಾದದ ಬಹುಭಾಗ ಹುಟ್ಟಿದ್ದು ಕುಣಿತದಿಂದಲ್ಲ, ಆ ಗಡೀಪಾರಿನ ಆಜ್ಞೆಯಿಂದ. ಅಷ್ಟರಲ್ಲೂ ಮನೆಗಳೊಳಗಿನ ಕುಣಿತ ನಿಲ್ಲಲಿಲ್ಲ. ಅದನ್ನು ಮುಟ್ಟುವ ಆಜ್ಞೆಯೇ ಇರಲಿಲ್ಲ.

ಪಶ್ಚಿಮದ ಜನಸಾಮಾನ್ಯರು ಈ ನೃತ್ಯವನ್ನು ಕಣ್ಣಾರೆ ಕಂಡದ್ದು ಜಾಗತಿಕ ವಸ್ತುಪ್ರದರ್ಶನಗಳಲ್ಲಿ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಕೈರೋದ ಬೀದಿಯೊಂದನ್ನೇ ಕಟ್ಟಿ ನಿಲ್ಲಿಸಲಾಗಿತ್ತು. ನಾಲ್ಕು ವರ್ಷಗಳ ನಂತರ, 1893ರಲ್ಲಿ, ಶಿಕಾಗೋದ ಕೊಲಂಬಿಯನ್ ಪ್ರದರ್ಶನದ ಮಿಡ್‌ವೇ ಎಂಬ ಮನರಂಜನೆಯ ಸಾಲಿನಲ್ಲಿ ಮತ್ತೆ ಅಂಥದೇ ಬೀದಿ ಎದ್ದಿತು. ಮಿಡ್‌ವೇಯ ಉಸ್ತುವಾರಿ ಹೊತ್ತಿದ್ದವನು ಸೋಲ್ ಬ್ಲೂಮ್ ಎಂಬ ಇಪ್ಪತ್ತರ ಹರೆಯದ ಯುವಕ. ಫ್ರೆಂಚರಲ್ಲಿ ಆಗಲೇ ಬಳಕೆಯಲ್ಲಿದ್ದ ಹೊಟ್ಟೆಯ ನೃತ್ಯ ಎಂಬ ಹೆಸರು ಇಂಗ್ಲಿಷಿನಲ್ಲಿ ಬೆಲ್ಲಿ ಡ್ಯಾನ್ಸ್ ಆಗಿ ಮನೆಮಾತಾದದ್ದು ಈ ಪ್ರದರ್ಶನದ ಸದ್ದಿನಲ್ಲಿ. ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ ಸರ್ವಧರ್ಮ ಸಮ್ಮೇಳನ ಇದೇ ಪ್ರದರ್ಶನದ ಅಂಗವಾಗಿ ನಗರದ ಇನ್ನೊಂದು ಭಾಗದಲ್ಲಿ ನಡೆದಿತ್ತು. ಪೂರ್ವ ದೇಶಗಳ ಬಗ್ಗೆ ಅಮೆರಿಕನ್ನರಿಗಿದ್ದ ಕುತೂಹಲ ಒಂದೇ ಬೇಸಿಗೆಯಲ್ಲಿ ಎರಡು ದಿಕ್ಕಿಗೆ ಹರಿದಿತ್ತು: ಒಂದೆಡೆ ಧರ್ಮ, ತತ್ತ್ವಗಳತ್ತ, ಇನ್ನೊಂದೆಡೆ ಟಿಕೆಟ್ ಕೊಟ್ಟು ನೋಡುವ ಬೀದಿಯತ್ತ. ಪ್ರದರ್ಶನ ಮುಗಿದ ಮೇಲೆ ಲಿಟಲ್ ಈಜಿಪ್ಟ್ ಎಂಬ ಹೆಸರಿಟ್ಟುಕೊಂಡ ಹಲವು ನರ್ತಕಿಯರು ಅಮೆರಿಕದ ಅಗ್ಗದ ರಂಗಮಂದಿರಗಳನ್ನು ಸುತ್ತಿದರು. ಮೂಲ ಸಂಗೀತ ಕಳಚಿಹೋಯಿತು. ಉಳಿದದ್ದು ಸೊಂಟದ ಅಲುಗಾಟ ಮತ್ತು ಜನರ ಶಿಳ್ಳೆ. ಆ ಕಾಲದ ಚಲನಚಿತ್ರದ ತುಣುಕೊಂದರಲ್ಲಿ ನರ್ತಕಿಯ ಎದೆ, ಸೊಂಟದ ಮೇಲೆ ಬೇಲಿಯಂಥ ಬಿಳಿ ಪಟ್ಟಿಗಳನ್ನು ಎಳೆದು ಮುಚ್ಚಿರುವುದನ್ನು ಈಗಲೂ ನೋಡಬಹುದು.

ಕೈರೋದಲ್ಲಿ ಅಷ್ಟರೊಳಗೆ ನಗರದ ಮನರಂಜನೆಯ ಸ್ವರೂಪವೇ ಬದಲಾಗಿತ್ತು. ವಾದಕರು, ಅವಾಲಿಮ್‌ಗಳು ಮುಹಮ್ಮದ್ ಅಲಿ ಬೀದಿಯಲ್ಲಿ ನೆಲೆಸಿ ಮದುವೆಗಳಿಗೆ ಮೇಳ ಒದಗಿಸುತ್ತಿದ್ದರು. ಮದುವೆಯ ದಿಬ್ಬಣಕ್ಕೆ ಝಫ್ಫಾ ಎಂದು ಹೆಸರು. ಅದರ ಮುಂದೆ ಉರಿಯುವ ಮೇಣದಬತ್ತಿಗಳ ದೀಪಗುಚ್ಛವನ್ನು ತಲೆಯ ಮೇಲೆ ಹೊತ್ತು ಸಾಗುವ ಶಮದಾನ್ ನೃತ್ಯ ಇವರ ಕೈಚಳಕ. ಇಂಥ ಪರಿಸರಕ್ಕೆ ಬಂದ ಬಾದಿಯಾ ಮಸಾಬ್ನಿ ಎಂಬ ಸಿರಿಯಾ ಮೂಲದ ನಟಿ 1926ರಲ್ಲಿ ಸಾಲಾ ಬಾದಿಯಾ ಎಂಬ ರಂಗಶಾಲೆ ತೆರೆದರು. ಅಲ್ಲಿ ಹಾಡು, ಹಾಸ್ಯ, ಕಿರುನಾಟಕಗಳ ನಡುವೆ ನೃತ್ಯಕ್ಕೆ ಒಂದು ಅಂಕ ಮೀಸಲಾಗಿತ್ತು; ಮಹಿಳೆಯರಿಗಷ್ಟೇ ಪ್ರತ್ಯೇಕ ಪ್ರದರ್ಶನಗಳೂ ನಡೆಯುತ್ತಿದ್ದವು. ನಿಂತಲ್ಲೇ ಕುಣಿಯುವ ಬಲದಿ ಅಗಲ ವೇದಿಕೆಯ ಕೊನೆಯ ಸಾಲಿಗೆ ಕಾಣದು. ಆದ್ದರಿಂದ ಬಾದಿಯಾ ತೋಳುಗಳನ್ನು ಮೇಲೆತ್ತಿಸಿದರು, ವೇದಿಕೆಯುದ್ದಕ್ಕೂ ಸಂಚರಿಸುವ ಹೆಜ್ಜೆಗಳನ್ನು ಸೇರಿಸಿದರು, ಬ್ಯಾಲೆ ಮತ್ತು ಲ್ಯಾಟಿನ್ ನೃತ್ಯಗಳಿಂದ ಬೇಕಾದ್ದನ್ನು ತೆಗೆದುಕೊಂಡರು. ಮಿನುಗುವ ರವಿಕೆ, ಪಟ್ಟಿ, ಲಂಗಗಳ ಬದ್ಲಾ ಉಡುಪು ರೂಢಿಗೆ ಬಂತು. ಹಾಲಿವುಡ್ ಚಿತ್ರಗಳ ಕಲ್ಪನೆಯ ಪ್ರಭಾವ ಅದರಲ್ಲಿ ಎದ್ದುಕಾಣುತ್ತದೆ. ಅಂದರೆ ಸಾವಿರ ವರ್ಷ ಹಳೆಯದೆಂದು ಇಂದು ಜಾಹೀರಾತಾಗುವ ವೇಷದ ವಯಸ್ಸು ಸುಮಾರು ನೂರು ವರ್ಷ.

ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್ ಇಬ್ಬರೂ ಬಾದಿಯಾರ ರಂಗಶಾಲೆಯಲ್ಲಿ ಪಳಗಿದವರು. ತಹಿಯಾ ಹೆಚ್ಚು ಚಲಿಸದೆ, ಅಂಗೈಯಷ್ಟು ಜಾಗದಲ್ಲಿ ನಿಂತು ಸಂಗೀತವನ್ನು ದೇಹಕ್ಕೆ ಇಳಿಸುತ್ತಿದ್ದರು. ಸಾಮಿಯಾ ಗಾಳಿಯಲ್ಲಿ ತೇಲುವಂತೆ ಇಡೀ ವೇದಿಕೆ ಆಳುತ್ತಿದ್ದರು. ಗಾಯಕ ಫರೀದ್ ಅಲ್ ಅತ್ರಾಶ್ ಜೊತೆ ಸಾಮಿಯಾ ನಟಿಸಿದ ಅಫ್ರೀತಾ ಹಾನಿಮ್ 1949ರಲ್ಲಿ ತೆರೆಕಂಡಿತು. ಈಜಿಪ್ಟಿನ ಚಿತ್ರರಂಗ ಅರಬ್ ಜಗತ್ತಿನಲ್ಲೆಲ್ಲ ಹರಡಿದ್ದರಿಂದ ಕೈರೋದ ಶೈಲಿಯೇ ಉಳಿದವರಿಗೆ ಮಾದರಿಯಾಯಿತು. ಇನ್ನೊಬ್ಬ ನರ್ತಕಿ ನೈಮಾ ಆಕೇಫ್ 1957ರಲ್ಲಿ ಮಾಸ್ಕೋದ ವಿಶ್ವ ಯುವಜನ ಉತ್ಸವದಲ್ಲಿ ನರ್ತಿಸಿದರು. ಆದರೆ 1952ರ ಕ್ರಾಂತಿಯ ನಂತರದ ಸರ್ಕಾರ ಏಕವ್ಯಕ್ತಿ ನರ್ತಕಿಗಿಂತ ಜಾನಪದ ತಂಡಗಳನ್ನು ರಾಷ್ಟ್ರದ ಮುಖವಾಗಿ ಕಾಣಬಯಸಿತು. 1959ರಲ್ಲಿ ಮಹಮೂದ್ ರೆದಾ, ಅವರ ಅಣ್ಣ ಅಲಿ ರೆದಾ ಮತ್ತು ಫರೀದಾ ಫಹ್ಮಿ ಕಟ್ಟಿದ ರೆದಾ ತಂಡ ಹಳ್ಳಿಹಳ್ಳಿಯ ಚಲನೆಗಳನ್ನು ಗಮನಿಸಿ ಗುಂಪುನೃತ್ಯಗಳನ್ನು ಹೊಸೆಯಿತು. ದಕ್ಷಿಣ ಈಜಿಪ್ಟಿನ ಗಂಡಸರ ದೊಣ್ಣೆವರಸೆ ತಹ್ತೀಬ್ ಈ ತಂಡದ ಮೂಲಕ ರಂಗವೇರಿತು. ಮೂಲದ ತಹ್ತೀಬನ್ನು ಯುನೆಸ್ಕೊ 2016ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇಂದು ಸಮುದಾಯ ಉತ್ಸವಗಳಲ್ಲಿ ಹತ್ತು ಹನ್ನೆರಡು ಮಂದಿ ಕೋಲು ಹಿಡಿದು ಒಟ್ಟಿಗೆ ಕುಣಿಯುವ ಸಯೀದಿ ನೃತ್ಯಗಳ ಹಿಂದೆ ರೆದಾ ತಂಡದ ದುಡಿಮೆಯಿದೆ.

ಅಮೆರಿಕದಲ್ಲಿ ಹಫ್ಲಾ ಬೇರೂರಿದ್ದು ವಲಸಿಗರಿಂದ. 1880ರ ದಶಕದಿಂದ ಸಿರಿಯಾ, ಲೆಬನಾನ್ ಕಡೆಯ ಸಾವಿರಾರು ಜನ ಅಟ್ಲಾಂಟಿಕ್ ದಾಟಿದರು. ನ್ಯೂಯಾರ್ಕಿನ ವಾಷಿಂಗ್ಟನ್ ಬೀದಿಯ ಸುತ್ತಮುತ್ತಲು ಪುಟ್ಟ ಸಿರಿಯಾವೇ ಬೆಳೆಯಿತು. 1924ರ ವಲಸೆ ಕಾನೂನು ಹೊಸಬರ ಬರುವಿಕೆಯನ್ನು ಬಹುಮಟ್ಟಿಗೆ ತಡೆದ ಮೇಲೆ, ಬಂದವರು ತಮ್ಮೊಳಗೆ ಭಾಷೆ, ಸಂಗೀತಗಳನ್ನು ಉಳಿಸಿಕೊಳ್ಳುವ ದಾರಿ ಹುಡುಕಬೇಕಾಯಿತು. ಚರ್ಚಿನ ಸಭಾಂಗಣದಲ್ಲಿ ಊಟ, ಹಾಡು, ದಬ್ಕೆ ಎಂಬ ಸಾಲುಕುಣಿತದ ಹಫ್ಲಾ ಏರ್ಪಡಿಸುವುದು, ಬಂದ ಹಣವನ್ನು ಸಮುದಾಯದ ಕೆಲಸಕ್ಕೆ ಬಳಸುವುದು ಹಾಗೆ ಆರಂಭವಾಯಿತು. 1930ರ ದಶಕದಿಂದ ಇದರ ದೊಡ್ಡ ರೂಪವಾದ ಮಹ್ರಜಾನ್ ಬಂತು. ಬಯಲಿನಲ್ಲಿ ಎರಡು ಮೂರು ದಿನ ನಡೆಯುವ ಈ ಸಮ್ಮೇಳನಕ್ಕೆ ದೂರದ ರಾಜ್ಯಗಳಿಂದಲೂ ಕುಟುಂಬಗಳು ಬರುತ್ತಿದ್ದವು. ಗಂಡುಹೆಣ್ಣಿನ ಮಾತುಕತೆ, ವ್ಯಾಪಾರದ ಪರಿಚಯ, ಮರೆತ ನೆಂಟರ ಭೇಟಿ ಎಲ್ಲ ಅಲ್ಲೇ. ಮುಂದೆ ಬೆಲ್ಲಿ ಡ್ಯಾನ್ಸ್ ಉತ್ಸವಗಳು ಪಡೆದ ಆಕಾರಕ್ಕೆ ನೈಟ್‌ಕ್ಲಬ್‌ಗಿಂತ ಈ ಮಹ್ರಜಾನೇ ಹತ್ತಿರದ ಪೂರ್ವಜ. ವೃತ್ತಿಪರ ನೃತ್ಯ ಮಾತ್ರ 1950, 60ರ ದಶಕಗಳಲ್ಲಿ ನ್ಯೂಯಾರ್ಕಿನ ಎಂಟನೆಯ ಅವೆನ್ಯೂ, ಬೋಸ್ಟನ್, ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್‌ಗಳಲ್ಲಿ ನಡೆಯಿತು. ಅಲ್ಲಿ ಗ್ರೀಕ್, ತುರ್ಕಿ, ಅರ್ಮೇನಿಯನ್, ಅರಬ್ ವಾದಕರು ಒಂದೇ ಮೇಳದಲ್ಲಿ ಕೂಡುತ್ತಿದ್ದುದರಿಂದ ಒಂಬತ್ತು ಮಾತ್ರೆಯ ಕರ್ಶಿಲಮಾ, ನಿಧಾನಗತಿಯ ಚಿಫ್ತೆತೆಲ್ಲಿ, ಈಜಿಪ್ಟಿನ ಮಕ್ಸೂಮ್ ಎಲ್ಲ ಒಂದೇ ರಾತ್ರಿಯಲ್ಲಿ ಕೇಳಸಿಗುತ್ತಿದ್ದವು.

ನೃತ್ಯವನ್ನು ಕ್ಲಬ್ಬಿನಿಂದ ಮತ್ತೆ ಬಯಲಿಗೆ ತಂದವರಲ್ಲಿ ಜಮೀಲಾ ಸಲೀಂಪುರ್ ಮುಖ್ಯರು. 1926ರಲ್ಲಿ ಹುಟ್ಟಿದ ಸಿಸಿಲಿ ಮೂಲದ ಈ ಅಮೆರಿಕನ್ ಮಹಿಳೆ ಈಜಿಪ್ಟಿನ ಚಲನಚಿತ್ರಗಳನ್ನು ಮತ್ತೆ ಮತ್ತೆ ನೋಡಿ, ಕ್ಲಬ್ಬಿನ ನರ್ತಕಿಯರನ್ನು ಗಮನಿಸಿ ಕಲಿತರು. ಪಠ್ಯವಿಲ್ಲದ ವಿದ್ಯೆಗೆ ಅವರು ಒಂದು ಪಾಠಕ್ರಮ ಕಟ್ಟಿದರು: ಪ್ರತಿ ಚಲನೆಗೂ ಹೆಸರಿಟ್ಟು, ಒಂದೇ ಬಗೆಯ ಚಲನೆಗಳನ್ನು ಒಂದು ಕುಟುಂಬವಾಗಿ ಜೋಡಿಸಿ, ಬೆರಳಿಗೆ ಕಟ್ಟುವ ಪುಟ್ಟ ಕಂಚಿನ ತಾಳಗಳ ನುಡಿಸಾಣಿಕೆಯನ್ನು ಕುಣಿತದ ಜೊತೆಗೇ ಕಲಿಸಿದರು. 1968ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ರಿನೈಸಾನ್ಸ್ ಫೇರ್ ಎಂಬ ಜಾತ್ರೆಯಲ್ಲಿ ಶಿಷ್ಯೆಯರು ಚದುರಿಹೋಗದಂತೆ ಅವರನ್ನೆಲ್ಲ ಒಂದೇ ತಂಡವಾಗಿಸಿ ಬಲ್ ಅನತ್ ಎಂಬ ಮೇಳ ರಚಿಸಿದರು. ಅರ್ಧವೃತ್ತದಲ್ಲಿ ಕುಳಿತ ಮೇಳದಿಂದ ಕತ್ತಿ ಹೊತ್ತವರು, ಗಡಿಗೆ ಹೊತ್ತವರು, ಮುಖವಾಡದವರು ಸರದಿಯಂತೆ ಎದ್ದು ಬಂದು ಕುಣಿಯುತ್ತಿದ್ದರು. ಒಬ್ಬರು ಕುಣಿಯುವಾಗ ಉಳಿದವರು ತಾಳ ಹಿಡಿದು ಹುರಿದುಂಬಿಸುವ ಆ ಏರ್ಪಾಡು ಮನೆಯಂಗಳದ ಕ್ರಮವನ್ನೇ ದೊಡ್ಡದಾಗಿಸಿದಂತಿತ್ತು. ಆದರೆ ಅಲ್ಲಿನ ಹಲವು ನೃತ್ಯಗಳು ಯಾವ ದೇಶದ ಯಾವ ಬುಡಕಟ್ಟಿಗೂ ಸೇರದ ರಂಗಕಲ್ಪನೆಗಳಾಗಿದ್ದವು ಎಂಬುದನ್ನೂ ಮರೆಯಲಾಗದು.

1970ರ ದಶಕದ ಮಹಿಳಾ ಚಳವಳಿ ಈ ನೃತ್ಯಕ್ಕೆ ಹೊಸ ಜನರನ್ನು ತಂದಿತು. ಮೈಕಟ್ಟು, ವಯಸ್ಸು ಕೇಳದ, ಗಂಡು ಜೊತೆಗಾರನ ಅಗತ್ಯವಿಲ್ಲದ ನೃತ್ಯವೊಂದು ಸಮುದಾಯ ಭವನ, ಸಂಜೆಯ ಶಾಲೆಗಳಲ್ಲಿ ಕೈಗೆಟುಕತೊಡಗಿತು. ಶಿಕ್ಷಕಿ, ದಾದಿ, ಗುಮಾಸ್ತೆ, ಗೃಹಿಣಿ ಎಲ್ಲರೂ ವಾರಕ್ಕೊಮ್ಮೆ ಕಲಿಯಲು ಬಂದರು. ಕಲಿತವರಿಗೆ ಕುಣಿಯಲು ಕ್ಲಬ್ಬುಗಳು ಸಾಲದಾದಾಗ ತಾವೇ ಹಫ್ಲಾಗಳನ್ನು ನಡೆಸತೊಡಗಿದರು. ವಿದ್ಯಾರ್ಥಿನಿಯರ ಸಂಜೆಕೂಟ ವಾರಾಂತ್ಯದ ಉತ್ಸವವಾಯಿತು. ಕ್ಯಾಲಿಫೋರ್ನಿಯಾದ ರಕ್ಕಾಸಾದಂಥ ಉತ್ಸವಗಳು ನೂರಾರು ನರ್ತಕರನ್ನು, ಜೀವಂತ ವಾದ್ಯಮೇಳವನ್ನು, ಬಟ್ಟೆ ಒಡವೆಗಳ ಅಂಗಡಿಗಳನ್ನು ಒಂದೇ ಸೂರಿನಡಿ ತಂದು ಮಾದರಿಯಾದವು.

ಜಮೀಲಾರ ಶಿಷ್ಯೆ ಮಾಶಾ ಆರ್ಚರ್, ಮಾಶಾರ ಶಿಷ್ಯೆ ಕರೋಲಿನಾ ನೆರಿಚಿಯೊ. ಕರೋಲಿನಾ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ಯಾಟ್‌ಚಾನ್ಸ್ ಬೆಲ್ಲಿಡ್ಯಾನ್ಸ್ ತಂಡ ಕಟ್ಟಿದರು. ಅಮೆರಿಕನ್ ಟ್ರೈಬಲ್ ಸ್ಟೈಲ್ ಎಂದು ಹೆಸರಾದ ಈ ಶೈಲಿಯಲ್ಲಿ ಗುಂಪು ಮೊದಲೇ ನೃತ್ಯ ಕಟ್ಟಿಕೊಳ್ಳುವುದಿಲ್ಲ. ಮುಂದೆ ಎಡಬದಿಗೆ ನಿಂತ ನಾಯಕಿ ಕೈಯ ಎತ್ತರ, ತಲೆಯ ತಿರುವುಗಳಂಥ ಸಣ್ಣ ಸನ್ನೆಯಿಂದ ಮುಂದಿನ ಚಲನೆ ಯಾವುದೆಂದು ತಿಳಿಸುತ್ತಾಳೆ, ಹಿಂದಿನವರು ಆ ಕ್ಷಣವೇ ಅನುಸರಿಸುತ್ತಾರೆ. ತುಸು ಹೊತ್ತಿಗೆ ನಾಯಕತ್ವ ಇನ್ನೊಬ್ಬಳಿಗೆ ದಾಟುತ್ತದೆ. ಒಂದೇ ಭಾಷೆಯ ಚಲನೆಗಳನ್ನು ಕಲಿತ ಅಪರಿಚಿತರು ಉತ್ಸವದಲ್ಲಿ ಮೊದಲ ಬಾರಿ ಭೇಟಿಯಾಗಿ, ತಾಲೀಮಿಲ್ಲದೆ ಒಟ್ಟಿಗೆ ಕುಣಿಯಬಲ್ಲರು. ಸಮುದಾಯ ನೃತ್ಯಕ್ಕೆ ಇಪ್ಪತ್ತನೆಯ ಶತಮಾನ ಕೊಟ್ಟ ಜಾಣ ಕೊಡುಗೆಗಳಲ್ಲಿ ಇದೊಂದು. ಉಡುಪಿನಲ್ಲಿ ಭಾರತದ ಚೋಲಿ, ಅಗಲ ಘೇರಿನ ಲಂಗ, ಆಫ್ಘನ್ ಕೂಚಿ ಅಲೆಮಾರಿಗಳ ಒಡವೆ, ಮತ್ತು ಕನ್ನಡಿ, ಕವಡೆ ಹೊಲಿದ ಬಂಜಾರ ಕಸೂತಿಯ ತುಂಡುಗಳು ಸೇರಿದವು. ಕರ್ನಾಟಕದ ಓದುಗರಿಗೆ ಅದು ಅಪರಿಚಿತವಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಲಂಬಾಣಿ ಕಸೂತಿಯ ಬಳಗದ್ದೇ ಆ ಹೊಲಿಗೆ. ಬಂಜಾರ ಹೆಣ್ಣುಮಕ್ಕಳು ಹೊಲಿದ ಚೀಲ, ಪಟ್ಟಿಗಳು ಹಳೆಬಟ್ಟೆಯ ವ್ಯಾಪಾರಿಗಳ ಕೈದಾಟಿ ಕ್ಯಾಲಿಫೋರ್ನಿಯಾದ ನರ್ತಕಿಯ ಸೊಂಟಪಟ್ಟಿಯಾದವು. ಹೊಲಿದವರ ಹೆಸರು ಮಾತ್ರ ಅವುಗಳ ಜೊತೆ ಪ್ರಯಾಣಿಸಲಿಲ್ಲ.

ಬಹುಸಂಸ್ಕೃತಿಯ ಉತ್ಸವಗಳು ಬೇರೊಂದು ಕಡೆಯಿಂದ ಬಂದು ಈ ಧಾರೆಯನ್ನು ಕೂಡಿಕೊಂಡವು. ಕೆನಡಾದ ವಿನ್ನಿಪೆಗ್‌ನಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ನೂರನೆಯ ವರ್ಷದ ಅಂಗವಾಗಿ 1970ರಲ್ಲಿ ಫೋಕ್ಲೋರಾಮಾ ಆರಂಭವಾಯಿತು. ಅಲ್ಲಿ ಪ್ರತಿ ಸಮುದಾಯಕ್ಕೂ ತನ್ನದೇ ಮಂಟಪ, ತನ್ನದೇ ಅಡುಗೆ, ತನ್ನದೇ ಕುಣಿತ. ಮರುವರ್ಷ ಕೆನಡಾ ಸರ್ಕಾರ ಬಹುಸಂಸ್ಕೃತಿಯನ್ನು ಅಧಿಕೃತ ನೀತಿಯಾಗಿ ಘೋಷಿಸಿತು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ರಾಷ್ಟ್ರೀಯ ಬಹುಸಂಸ್ಕೃತಿ ಉತ್ಸವ 1996ರಿಂದ ನಡೆಯುತ್ತಿದೆ. ಇಂಥ ವೇದಿಕೆಗಳಲ್ಲಿ ಬೆಲ್ಲಿ ಡ್ಯಾನ್ಸ್ ತಂಡಗಳು ಲೆಬನಾನಿನ ದಬ್ಕೆ, ಹವಾಯಿಯ ಹುಲಾ, ಸ್ಪೇನಿನ ಫ್ಲಮೆಂಕೊ, ಭಾರತದ ಭಾಂಗ್ರಾ, ಭರತನಾಟ್ಯಗಳ ಪಕ್ಕದಲ್ಲಿ ನಿಂತವು. ಮುಂದೆ ಬೆಲ್ಲಿ ಡ್ಯಾನ್ಸ್ ಬಳಗಗಳೇ ತಮ್ಮ ಉತ್ಸವಗಳ ಬಾಗಿಲನ್ನು ಉಳಿದ ನೃತ್ಯಗಳಿಗೂ ತೆರೆದವು. ಸಣ್ಣ ಊರಿನಲ್ಲಿ ಒಂದು ದಿನವಿಡೀ ವೇದಿಕೆ ತುಂಬಲು ಒಂದೇ ಪ್ರಕಾರದ ನರ್ತಕರು ಸಿಗುವುದು ಕಷ್ಟ. ಜೊತೆಗೆ, ಅಕ್ಕಪಕ್ಕದ ತಂಡಗಳು ಬಂದರೆ ಅವರ ಮನೆಯವರೂ ಪ್ರೇಕ್ಷಕರಾಗಿ ಬರುತ್ತಾರೆ.

ಇಂಥ ಉತ್ಸವದಲ್ಲಿ ಪಾಲ್ಗೊಳ್ಳುವುದಕ್ಕೆ ಅದರದ್ದೇ ರೀತಿನೀತಿಗಳಿವೆ. ತಂಡ ಮೊದಲೇ ಹೆಸರು ನೋಂದಾಯಿಸಿ ಸಂಗೀತದ ಕಡತ ಕಳಿಸುತ್ತದೆ. ಸಿಗುವ ಸಮಯ ಕೆಲವೇ ನಿಮಿಷ. ಬೆಳಗ್ಗೆ ಅತಿಥಿ ಗುರುಗಳ ಪಾಠ, ಮಧ್ಯಾಹ್ನ ಮುಕ್ತ ವೇದಿಕೆ, ಸಂಜೆ ಹಫ್ಲಾ ಅಥವಾ ಗುರುಗಳ ಪ್ರದರ್ಶನ ಎಂಬ ಕ್ರಮ ಸಾಮಾನ್ಯ. ಇಂದು ಮೊದಲ ಬಾರಿ ವೇದಿಕೆ ಏರುವವಳೂ ಮೂವತ್ತು ವರ್ಷ ಕಲಿಸಿದವಳೂ ಅದೇ ಹಲಗೆಯ ಮೇಲೆ ಕುಣಿಯುತ್ತಾರೆ. ವೇದಿಕೆಯಿಂದ ಇಳಿದ ಕೂಡಲೇ ಮೇಲುಡುಪು ಹೊದ್ದುಕೊಳ್ಳಬೇಕು, ವೇಷದಲ್ಲಿ ಅಂಗಡಿಗಳ ನಡುವೆ ಅಲೆಯಬಾರದು ಎಂಬುದು ಗುರುಗಳು ಬಿಗಿಯಾಗಿ ಹೇಳಿಕೊಡುವ ಪಾಠ. ನೃತ್ಯವನ್ನು ಕೀಳಾಗಿ ಕಾಣುವ ಕಣ್ಣುಗಳ ನೆನಪು ಆ ನಿಯಮದ ಹಿಂದಿದೆ. ಪ್ರೇಕ್ಷಕರು ಸುಮ್ಮನೆ ಕೂರುವುದು ಇಲ್ಲಿ ಅಗೌರವ. ನಾಲಗೆಯನ್ನು ಬೇಗಬೇಗ ಆಡಿಸಿ ಹೊರಡಿಸುವ ಝಘರೀತ್ ಎಂಬ ಉಲುಹು ಅರಬ್ ಮದುವೆಗಳಿಂದ ನೇರವಾಗಿ ಬಂದದ್ದು. ಹೊಸಬಳು ಹೆಜ್ಜೆ ತಪ್ಪಿದಾಗ ಅದು ಇನ್ನೂ ಜೋರಾಗುತ್ತದೆ. ಕೊನೆಗೆ ದರ್ಬುಕದವನು ಎದ್ದು ನಿಂತರೆ ಕುರ್ಚಿಗಳು ಪಕ್ಕಕ್ಕೆ ಸರಿಯುತ್ತವೆ, ಬಂದವರೆಲ್ಲ ಕುಣಿಯುತ್ತಾರೆ. ಹಳೆಯ ಅಂಗಳದ ರೂಢಿ ಅಷ್ಟರ ಮಟ್ಟಿಗೆ ಉಳಿದಿದೆ.

ತವರಾದ ಈಜಿಪ್ಟಿನಲ್ಲಿ ಮಾತ್ರ ವೃತ್ತಿಗೆ ಕಷ್ಟಕಾಲ ಬಂದಿತ್ತು. 1970ರ ದಶಕದಲ್ಲಿ ಕೈರೋದ ಪಿರಮಿಡ್ ರಸ್ತೆಯ ಕ್ಲಬ್ಬುಗಳು ಕೊಲ್ಲಿ ದೇಶಗಳ ಪ್ರವಾಸಿಗರ ಹಣದಿಂದ ಮೆರೆದಿದ್ದವು. ನರ್ತಕಿ ನಗ್ವಾ ಫುಆದ್‌ಗಾಗಿ ಮಹಾನ್ ಸಂಗೀತಗಾರ ಮೊಹಮ್ಮದ್ ಅಬ್ದುಲ್ ವಹಾಬ್ ಪ್ರತ್ಯೇಕ ಕೃತಿಯನ್ನೇ ರಚಿಸಿದರು. ಸುಹೇರ್ ಝಕಿ ಗಾಯಕಿ ಉಮ್ ಕುಲ್ಸುಮ್ ಅವರ ಹಾಡುಗಳಿಗೆ ನರ್ತಿಸಿ ಹೆಸರಾದರು. 1977ರ ಜನವರಿಯಲ್ಲಿ ರೊಟ್ಟಿಯ ಬೆಲೆಯೇರಿಕೆ ವಿರುದ್ಧ ಜನ ದಂಗೆಯೆದ್ದಾಗ ಅದೇ ಕ್ಲಬ್ಬುಗಳಿಗೆ ಬೆಂಕಿ ಬಿತ್ತು. ಮುಂದಿನ ದಶಕಗಳ ಧಾರ್ಮಿಕ ಬಿಗಿತದಲ್ಲಿ ಈ ವೃತ್ತಿಗೆ ಬರುವ ಈಜಿಪ್ಟಿನ ಯುವತಿಯರು ಕಡಿಮೆಯಾದರು, ವಿದೇಶಿ ನರ್ತಕಿಯರು ಹೆಚ್ಚಾದರು. ವಿದೇಶಿಯರಿಗೆ ಪರವಾನಗಿ ಕೊಡುವುದಿಲ್ಲವೆಂಬ ಸರ್ಕಾರಿ ನಿರ್ಬಂಧ 2004ರಲ್ಲಿ ಜಾರಿಗೆ ಬಂದು ಅದೇ ವರ್ಷ ತೆರವಾಯಿತು. ರೆದಾ ತಂಡದಲ್ಲಿ ಪಳಗಿದ ರಾಕಿಯಾ ಹಸನ್ 2000ದಲ್ಲಿ ಕೈರೋದಲ್ಲಿ ಅಹ್ಲನ್ ವ ಸಹ್ಲನ್ ಉತ್ಸವ ಆರಂಭಿಸಿದಾಗ ಹತ್ತಾರು ದೇಶಗಳ ಕಲಿಕಾರ್ಥಿಗಳು ಈಜಿಪ್ಟಿಗೇ ಬಂದು ಕಲಿಯತೊಡಗಿದರು. ಹೊರದೇಶಗಳಲ್ಲಿ ಬೆಳೆದ ಉತ್ಸವದ ಮಾದರಿ ಹೀಗೆ ತವರಿಗೆ ಮರಳಿತು.

ಯಾರ ನೃತ್ಯವನ್ನು ಯಾರು ಕುಣಿಯಬೇಕೆಂಬ ಪ್ರಶ್ನೆಯೂ ಜೊತೆಯಲ್ಲೇ ಬೆಳೆದಿದೆ. ವಿದ್ವಾಂಸ ಎಡ್ವರ್ಡ್ ಸೈದ್ 1978ರ ತಮ್ಮ ಓರಿಯಂಟಲಿಸಂ ಪುಸ್ತಕದಲ್ಲಿ ಫ್ಲೋಬೇರ್ ಕಂಡ ಕುಚುಕ್ ಹಾನಿಮ್‌ಳ ಚಿತ್ರದ ಹಿಂದಿನ ಅಧಿಕಾರವನ್ನು ಬಯಲು ಮಾಡಿದ್ದರು. ಅವರೇ 1990ರಲ್ಲಿ ತಹಿಯಾ ಕಾರಿಯೋಕಾ ಅವರ ಕಲೆಗೆ ಮನಸಾರೆ ಗೌರವ ಸಲ್ಲಿಸಿ ಪ್ರಬಂಧ ಬರೆದರು. 2014ರಲ್ಲಿ ಅರಬ್ ಅಮೆರಿಕನ್ ಲೇಖಕಿ ರಾಂದಾ ಜರ್ರಾರ್ ಬಿಳಿಯ ನರ್ತಕಿಯರನ್ನು ಕಟುವಾಗಿ ಟೀಕಿಸಿದಾಗ ವಾದವಿವಾದ ದೊಡ್ಡದಾಯಿತು. ಟೀಕೆಯಲ್ಲಿ ಹುರುಳಿದೆ: ಸಂಗೀತ ಯಾರದ್ದು, ಚಲನೆ ಎಲ್ಲಿಯದು ಎಂದು ತಿಳಿಯದೆ ವೇಷವಷ್ಟನ್ನೇ ತೊಟ್ಟ ಕುಣಿತ ಶಿಕಾಗೋದ ಮಿಡ್‌ವೇಗೆ ಹತ್ತಿರವಾಗುತ್ತದೆ. 2020ರಲ್ಲಿ ಕರೋಲಿನಾ ನೆರಿಚಿಯೊ ತಮ್ಮ ಶೈಲಿಯ ಹೆಸರಿನಿಂದ ಬುಡಕಟ್ಟನ್ನು ಸೂಚಿಸುವ ಪದವನ್ನು ಕೈಬಿಟ್ಟು ತಂಡದ ಹೆಸರನ್ನೇ ಇಟ್ಟರು. ಸಮ್ಮಿಶ್ರ ಶೈಲಿಯ ಅನೇಕ ನರ್ತಕರೂ ತಮ್ಮ ಶೈಲಿಗಳ ಹೆಸರನ್ನು ಬದಲಿಸಿಕೊಂಡರು. ಹಲವು ಉತ್ಸವಗಳಲ್ಲಿ ನಿರೂಪಕರು ಈಗ ತಂಡದ ಹೆಸರಿನ ಜೊತೆಗೆ ನೃತ್ಯ ಯಾವ ಪ್ರದೇಶದ್ದು, ಹಾಡು ಯಾರದ್ದು, ಯಾವ ಗುರುವಿನಿಂದ ಕಲಿತದ್ದು ಎಂಬುದನ್ನೂ ಹೇಳುತ್ತಾರೆ; ಕಲ್ಪಿಸಿ ಕಟ್ಟಿದ ನೃತ್ಯವಾದರೆ ಅದನ್ನೂ ಹಾಗೆಂದೇ ತಿಳಿಸುತ್ತಾರೆ.